ಹಳೇ ಕ್ಯಾಲೆಂಡರ್ ಮೊಳೆಯಿಂದ ಇಳಿಸೋ ಮುಂಚೆ ಒಂದ್ಸಲ ತಿರುವಿ ನೋಡಿ

ಪಾಂಡವಪುರದ ಮಗಳು (ಮೈಸೂರು)
28 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಮನೇಲಿ ಸ್ವಲ್ಪ ಬಿಡುವಿತ್ತು. ಹೊಸ ಕ್ಯಾಲೆಂಡರ್ ಬಂದಿದೆಯಲ್ಲ, ಅಡುಗೆಮನೆ ಗೋಡೆ ಮೇಲಿದ್ದ ಹಳೇದನ್ನ ಇಳಿಸಿ ಮಗಳ ನೋಟ್‌ಬುಕ್ಕಿಗೆ ಬೈಂಡ್ ಹಾಕೋಣ ಅಂತ ಕೂತೆ. ಹರಿಯೋ ಮುಂಚೆ ಸುಮ್ಮನೆ ಜನವರಿಯಿಂದ ತಿರುವಿದೆ. ಅರ್ಧ ಗಂಟೆ ಅಲ್ಲೇ ಕೂತುಬಿಟ್ಟೆ.

ನಮ್ಮನೆ ಕ್ಯಾಲೆಂಡರಲ್ಲಿ ಎಲ್ಲ ಇರುತ್ತೆ. ಹಾಲು ಜಾಸ್ತಿ ತಗೊಂಡ ದಿನ, ಬೇಡ ಅಂದ ದಿನ, ಸಿಲಿಂಡರ್ ಹಾಕಿದ ದಿನ, ಅತ್ತೆಯ ಬಿ.ಪಿ. ಮಾತ್ರೆ ತಂದ ದಿನ, ಮಗಳ ಪರೀಕ್ಷೆ. ತೌರಿಗೆ ಹೋದ ದಿನ ‘ಊರು’ ಅಂತ ಬರೆಯೋದು ನನ್ನ ಅಭ್ಯಾಸ. ಹಾಲಿನವರಿಗೆ ಅವತ್ತು ಹಾಲು ಬೇಡ ಅಂತ ಹೇಳಿರ್ತೀವಲ್ಲ, ತಿಂಗಳ ಕೊನೆಗೆ ಲೆಕ್ಕ ತಪ್ಪಬಾರದು ಅಂತ.

ಯಾರಾದ್ರೂ ಕೇಳಿದ್ರೆ ‘ತಿಂಗಳಿಗೊಂದ್ಸಲ ಅಮ್ಮನ್ನ ನೋಡ್ಕೊಂಡು ಬರ್ತೀನಿ’ ಅಂತಲೇ ಹೇಳ್ತಿದ್ದೆ. ಸುಳ್ಳು ಹೇಳ್ತಿದ್ದೀನಿ ಅಂತ ನಂಗೇ ಗೊತ್ತಿರಲಿಲ್ಲ. ಹನ್ನೆರಡು ಹಾಳೇಲಿ ‘ಊರು’ ಅಂತ ಇರೋದು ನಾಲ್ಕೇ ನಾಲ್ಕು ಕಡೆ. ಅದರಲ್ಲೊಂದು ಚಿಕ್ಕಪ್ಪ ತೀರಿಕೊಂಡಾಗ, ಇನ್ನೊಂದು ಯುಗಾದಿ ಮರುದಿನದ ಹೊಸತೊಡಕಿಗೆ. ಅಮ್ಮನಿಗಾಗಿಯೇ ಹೋಗಿದ್ದು ಎರಡೇ ಸಲ. ಇಲ್ಲಿಂದ ಊರಿಗೆ ಒಂದು ಗಂಟೆ ಚಿಲ್ಲರೆ ದಾರಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜೂ ಇಲ್ಲ. ದುಡ್ಡು, ದೂರ ಯಾವುದನ್ನೂ ನೆಪ ಹೇಳೋ ಹಾಗಿಲ್ಲ.

ನಾನು ದೊಡ್ಡ ಸಂಕಲ್ಪ ಮಾಡ್ತಿಲ್ಲ. ಹೊಸ ಕ್ಯಾಲೆಂಡರಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರಕ್ಕೆ ಈಗಲೇ ‘ಊರು’ ಅಂತ ಬರೆದಿಟ್ಟಿದ್ದೀನಿ. ಇಷ್ಟು ದಿನ ಹೋಗಿ ಬಂದಮೇಲೆ ಬರೀತಿದ್ದೆ, ಇನ್ನು ಮುಂಚೇನೇ ಬರೆಯೋದು. ಬೆಳಗ್ಗೆ ಏಳೂಕಾಲರ ಬಸ್ಸು, ಸಂಜೆ ಐದಕ್ಕೆ ವಾಪಸ್ಸು. ಅಷ್ಟೇ.

ನಿಮ್ಮನೆ ಕ್ಯಾಲೆಂಡರನ್ನೂ ಎಸೆಯೋ ಮುಂಚೆ ಒಮ್ಮೆ ತಿರುವಿ ನೋಡಿ. ಏನು ಕಾಣಿಸ್ತು, ಯಾವುದೊಂದನ್ನ ಬದಲಾಯಿಸ್ತೀರಿ, ಬರೀರಿ. ಒಂದೇ ಸಾಕು.

---

ತೀರ್ಥಹಳ್ಳಿ ತೋಟ
28 ಡಿಸೆಂಬರ್ 2025

ಅಕ್ಕಾ, ನಮ್ಮಲ್ಲಿ ಕ್ಯಾಲೆಂಡರ್ ಅಂದರೆ ಮಳೆ ಲೆಕ್ಕ. ಅಪ್ಪನ ಕಾಲದಿಂದ ಅಂಗಳದಲ್ಲಿ ಮಳೆಮಾಪಕ ಇದೆ. ಬೆಳಿಗ್ಗೆ ಎಂಟೂವರೆಗೆ ನೋಡಿ, ಎಷ್ಟು ಮಿಲಿಮೀಟರ್ ಅಂತ ಆ ದಿನದ ಚೌಕದಲ್ಲಿ ಬರೆಯುವುದು. ನಿಮ್ಮ ಬರಹ ಓದಿ ಮೇ ತಿಂಗಳ ಹಾಳೆ ತೆಗೆದು ನೋಡಿದೆ. ಉತ್ತರ ಅಲ್ಲೇ ಇತ್ತು.

ಈ ವರ್ಷ ನಮಗೆ ಅಡಿಕೆಗೆ ಕೊಳೆ ರೋಗ ಜೋರು. ಆರು ತಿಂಗಳಿಂದ ಎಲ್ಲರ ಹತ್ತಿರವೂ ‘ಮಳೆ ಬಿಡಲೇ ಇಲ್ಲ ಮಾರಾಯ್ರೆ, ಔಷಧಿ ಹೊಡೆಯಲು ಆಗಲಿಲ್ಲ’ ಅಂತ ಹೇಳಿಕೊಂಡು ಬಂದೆ. ನಿಜವೇ. ಮುಂಗಾರು ಈ ಸಲ ಮೇ 24ಕ್ಕೇ ಕೇರಳಕ್ಕೆ ಬಂತು, ವಾಡಿಕೆ ಜೂನ್ 1. ಎರಡೇ ದಿನದಲ್ಲಿ ನಮ್ಮಲ್ಲೂ ಹಿಡಿಯಿತು. ಆದರೆ ಹಾಳೆ ಇನ್ನೊಂದನ್ನೂ ಹೇಳುತ್ತದೆ. ಮೇ ಎರಡನೇ ವಾರದಲ್ಲಿ ಒಟ್ಟು ಐದು ದಿನ ಒಣಗಿತ್ತು. ಆ ಐದು ದಿನ ನಾನೇನು ಮಾಡುತ್ತಿದ್ದೆ? ಔಷಧಿಗೆ ಬೇಕಾದ ಮೈಲುತುತ್ತ ತಂದಿರಲಿಲ್ಲ. ಮರ ಹತ್ತುವವನಿಗೆ ಹೇಳಿರಲಿಲ್ಲ. ‘ಮೃಗಶಿರೆಗೆ ಅಲ್ಲವಾ ಮಳೆ, ಜೂನ್ ಮೊದಲ ವಾರ ನೋಡುವ’ ಅಂತ ಕುಳಿತಿದ್ದೆ. ಅದಕ್ಕೂ ಹಿಂದಿನ ರೋಹಿಣಿ ನಕ್ಷತ್ರ ಕಾಲಿಡುವ ಹೊತ್ತಿಗೇ ಮಳೆ ಕೂತಿತು. ಮೊದಲ ಸಲದ್ದೇ ತಪ್ಪಿದ ಮೇಲೆ, ನಲವತ್ತು ದಿನ ಬಿಟ್ಟು ಹೊಡೆಯುವ ಎರಡನೆಯದಕ್ಕೆ ಏನು ಅರ್ಥ?

ತಪ್ಪು ಮಳೆಯದ್ದು ಅಂತ ನಾನು ಆರು ತಿಂಗಳು ನಂಬಿದ್ದೆ. ಅರ್ಧ ಮಳೆಯದ್ದು, ಅರ್ಧ ನನ್ನದು.

ಬದಲಾವಣೆ ಇಷ್ಟೆ. ಹೊಸ ಕ್ಯಾಲೆಂಡರಿನ ಏಪ್ರಿಲ್ 25ರ ಚೌಕದಲ್ಲಿ ‘ತುತ್ತ, ಸುಣ್ಣ ಮನೆಯಲ್ಲಿ’ ಅಂತ ಬರೆದೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ ಬೇಕು. ತೋಟಕ್ಕೆ ಎಷ್ಟಾಗುತ್ತದೆ ಅಂತ ಪ್ರತಿ ವರ್ಷವೂ ಗೊತ್ತಿರುವ ಲೆಕ್ಕವೇ. ಮೇ 10ರ ನಂತರ ಮೊದಲು ಸಿಕ್ಕ ಒಣ ದಿನಕ್ಕೆ ಔಷಧಿ. ಮರ ಹತ್ತುವವನಿಗೆ ಯುಗಾದಿಗೇ ಹೇಳಿಡುವುದು. ಅವನಿಗೂ ನಾಲ್ಕು ತೋಟ ಇರುತ್ತದೆ.

---

ಧಾರವಾಡ ಕಿರಾಣಿ
29 ಡಿಸೆಂಬರ್ 2025

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಂಥ ಅಂಗಡಿಯವ್ರಿಗೆ ಹೊಸ ವರ್ಷ ಅಂದ್ರ ದೀಪಾವಳಿ ಪಾಡ್ಯ. ಈ ಸಲ ಅಕ್ಟೋಬರ್ 22ಕ್ಕ ಬಂದಿತ್ತು. ಲಕ್ಷ್ಮೀ ಪೂಜಾ ಮಾಡಿ, ಹೊಸ ಖಾತೆ ಪುಸ್ತಕದ ಮೊದಲ ಹಾಳಿಗೆ ಅರಿಷಿಣ ಕುಂಕುಮ ಹಚ್ಚಿ ‘ಶ್ರೀ’ ಬರದು ಶುರು ಮಾಡೋದು. ಹಿಂದಿನ ವರ್ಷದ ಉದ್ರಿ ಬಾಕಿ ಇದ್ದದ್ದು ಹೊಸ ಪುಸ್ತಕಕ್ಕ ಎತ್ತಿಕೊಳ್ಳಬೇಕು. ಹಂಗ ಎತ್ತಿಕೊಳ್ಳೂಮುಂದ ಅಕ್ಕಾರು ಹೇಳಿದಂಥದ್ದೇ ನನಗೂ ಆತು.

ಒಬ್ಬ ಅಜ್ಜಿ ನಮ್ಮ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರ್ತಾಳ. ಆಕಿ ಬಾಕಿ ಮೂರು ವರ್ಷದಿಂದ ಬೆಳಕೋತ ಬಂದೈತಿ. ಆಕಿಗೆ ಅದು ಗೊತ್ತಿಲ್ಲ, ನಾನೂ ಹೇಳಿಲ್ಲ. ಕೇಳಿದ್ರ ನೊಂದ್ಕೋತಾಳ ಅಂತ ಸುಮ್ನಿದ್ದೆ. ಖರೇ ಹೇಳಬೇಕಂದ್ರ ಕೇಳೂ ಧೈರ್ಯ ನನಗ ಇರಲಿಲ್ಲ. ಬಾಕಿ ಕೈ ಮೀರಿ ಹೋದ ಮ್ಯಾಲೆ ಮಂದಿ ಅಂಗಡಿ ಮುಂದ ಹಾಯೋದ ಬಿಡ್ತಾರ್ರಿ. ದುಡ್ಡೂ ಹೋತು, ಮನಷ್ಯಾನೂ ಹೋದ. ಹಿಂಗ ಎರಡು ಮನಿ ಕಳಕೊಂಡೇನಿ.

ಈಗ ಶನಿವಾರ ಸಂಜಿಕ ಉದ್ರಿ ಇದ್ದವ್ರು ಬಂದ್ರ ಪುಸ್ತಕ ಅವರ ಕಡೆ ತಿರುಗಿಸಿ ಇಡ್ತೀನಿ. ‘ಇಷ್ಟ್ ಆಗೇತಿ ನೋಡ್ರಿ’ ಅನ್ನೋದಷ್ಟ. ಕೊಡ್ರಿ ಅನ್ನೂದಿಲ್ಲ. ಅಜ್ಜಿ ಹೋದ ಶನಿವಾರ ನೋಡಿ, ಕಣ್ಣಿಗೆ ಹತ್ತಿರ ಹಿಡಕೊಂಡು ಓದಿ, ‘ಇಷ್ಟ್ ದಿನಾ ಯಾಕ ಹೇಳ್ಲಿಲ್ಲೋ ತಮ್ಮಾ’ ಅಂದ್ಲು. ಮರುದಿನ ಐನೂರು ರೂಪಾಯಿ ಕೊಟ್ಟು ಹೋದ್ಲು.

---

ವೈಟ್‌ಫೀಲ್ಡ್ 31
29 ಡಿಸೆಂಬರ್ 2025

ನಿಮ್ಮೆಲ್ಲರ ಗೋಡೇಲಿ ಏನಾದ್ರೂ ಬರೆದಿದೆ. ನನ್ನದು ಫೋನ್ ಕ್ಯಾಲೆಂಡರ್, ಮೀಟಿಂಗ್ ಬಿಟ್ಟು ಏನೂ ಇಲ್ಲ. ಮೂರು ವರ್ಷದಿಂದ ಪ್ರತಿ ಜನವರಿಗೆ ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿದ್ದೀನಿ. ಮೂರೂ ವರ್ಷ ಫೆಬ್ರವರಿ ದಾಟಿಲ್ಲ. ನಂಗೆ 31. ಅಪ್ಪಂಗೆ 38ಕ್ಕೆ ಶುಗರ್ ಬಂತು. ಅದು ನಂಗೂ ಬರುತ್ತೇನೋ ಅನ್ನೋ ಹೆದರಿಕೆ ರಾತ್ರಿ ಹೊತ್ತು ಜಾಸ್ತಿ ಆಗುತ್ತೆ. ಈ ಸಲ ಮತ್ತೆ ಶುರು ಮಾಡೋಕೇ ಮನಸ್ಸು ಬರ್ತಿಲ್ಲ. ಎಲ್ಲಿಂದ ಹಿಡೀಬೇಕು ಅಂತ ಯಾರಾದ್ರೂ ಹೇಳ್ತೀರಾ?

---

ಶಿವಮೊಗ್ಗ ಮೇಷ್ಟ್ರು
29 ಡಿಸೆಂಬರ್ 2025

ತಮ್ಮಾ, ಹೆದರಬೇಡಿ. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವನಾಗಿ ನನಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. 96 ಜನರಿಗೆ ತಲಾ ಒಂದು ಚಿಕ್ಕ ಕೆಲಸ ಆರಿಸಿಕೊಳ್ಳಲು ಹೇಳಿ 12 ವಾರ ಗಮನಿಸಿದರು. ಊಟದ ಜೊತೆ ಒಂದು ಹಣ್ಣು, ತಿಂಡಿಯಾದ ಮೇಲೆ ಸ್ವಲ್ಪ ನಡಿಗೆ, ಆ ಥರದ್ದು. ದಿನವೂ ಒಂದೇ ಸಂದರ್ಭಕ್ಕೆ ಅಂಟಿಸಿಕೊಂಡು ಮಾಡಬೇಕು. ಅದು ತಾನಾಗಿ ಆಗುವಂತಾಗಲು ಸುಮಾರು 66 ದಿನ ಬೇಕಾಯಿತು. ಆದರೆ ಆ ಸಂಖ್ಯೆಗಿಂತ ಅದರ ಎರಡು ಬದಿ ನೋಡಿ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ಕಷ್ಟದ ಕೆಲಸಕ್ಕೆ ಹೆಚ್ಚು ದಿನ. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ.

ನೀವು ಫೆಬ್ರವರಿಯಲ್ಲಿ ಬಿಟ್ಟಿರಿ ಅಂದರೆ ಕುದುರುವ ಮೊದಲೇ ಬಿಟ್ಟಿರಿ. ಅದೂ ಜಿಮ್ಮಿನಂಥ ದೊಡ್ಡ ಕೆಲಸವನ್ನು. ಬಟ್ಟೆ ಬದಲಿಸಬೇಕು, ಹೋಗಬೇಕು, ಬರಬೇಕು, ಸ್ನಾನ ಮಾಡಬೇಕು. ಈಗಾಗಲೇ ದಿನಾ ಮಾಡುವ ಯಾವುದಕ್ಕಾದರೂ ಹತ್ತು ನಿಮಿಷ ಅಂಟಿಸಿ ನೋಡಿ.

ಇನ್ನೊಂದು ಮಾತು. ಜನವರಿ ನಮ್ಮ ಹೊಸ ವರ್ಷ ಅಲ್ಲ, ಯುಗಾದಿಗೆ ಮಾಡೋಣ ಅಂತ ಪ್ರತಿ ವರ್ಷ ವಾದ ಬರುತ್ತದೆ. ನಾನು ಎರಡನ್ನೂ ಬಳಸುತ್ತೇನೆ. ಬರುವ ಯುಗಾದಿ ಮಾರ್ಚ್ 19ಕ್ಕೆ. ಜನವರಿ 1ರಿಂದ ಅಲ್ಲಿಗೆ 77 ದಿನ. ಈಗ ಶುರು ಮಾಡಿ, ಬೇವು ಬೆಲ್ಲ ತಿನ್ನುವ ದಿನ ಕೂತು ನೋಡಿ. ಅವತ್ತು ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ಮಾಡುವಾಗ ರಾಶಿ ರಾಶಿಗೂ ಆದಾಯ ಎಷ್ಟು, ವ್ಯಯ ಎಷ್ಟು ಅಂತ ಓದುತ್ತಾರಲ್ಲ, ನಮ್ಮ ಹಿರಿಯರಿಗೆ ಆ ದಿನವೇ ಲೆಕ್ಕದ ದಿನವಾಗಿತ್ತು.

---

ವೈಟ್‌ಫೀಲ್ಡ್ 31
30 ಡಿಸೆಂಬರ್ 2025

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ದಿನಾ ತಪ್ಪದೆ ಮಾಡೋದು ಅಂದ್ರೆ ಮೆಟ್ರೋ. ಸಂಜೆ ಹೋಪ್‌ಫಾರ್ಮ್‌ನಲ್ಲಿ ಇಳಿಯೋ ಬದಲು ಒಂದು ಸ್ಟೇಷನ್ ಮುಂಚೆ, ಕಾಡುಗೋಡಿ ಟ್ರೀ ಪಾರ್ಕಲ್ಲಿ ಇಳಿದು ನಡೀತೀನಿ. ಜಿಮ್ಮಿಗೆ ಈ ವರ್ಷ ದುಡ್ಡು ಕಟ್ಟಲ್ಲ. ಒಂದು ಗೋಡೆ ಕ್ಯಾಲೆಂಡರ್ ಕೂಡ ತಂದೆ.

---

ಪಾಂಡವಪುರದ ಮಗಳು (ಮೈಸೂರು)
30 ಡಿಸೆಂಬರ್ 2025

ಮೇಷ್ಟ್ರು ಯುಗಾದಿ ಅಂದಿದ್ದಕ್ಕೆ ನೆನಪಾಯ್ತು. ಬರೋ ಸಂವತ್ಸರದ ಹೆಸರು ಪರಾಭವ. ಹೆಸರು ಕೇಳಿ ಅಮ್ಮ ಫೋನಲ್ಲಿ ‘ಸೋಲು ಅಂತಲ್ವೇನೇ ಅರ್ಥ’ ಅಂತ ಅಳುಕಿದಳು. ಆಮೇಲೆ ಲೆಕ್ಕ ಹಾಕಿದೆ. ಅರವತ್ತು ಸಂವತ್ಸರದ ಸುತ್ತು. ಹಿಂದಿನ ಪರಾಭವ ಬಂದಿದ್ದು 1966ರಲ್ಲಿ. ಅಮ್ಮ ಹುಟ್ಟಿದ್ದು ಆ ವರ್ಷದ ಶ್ರಾವಣದಲ್ಲಿ. ಅವಳು ಹುಟ್ಟಿದ ಸಂವತ್ಸರವೇ ತಿರುಗಿ ಬರ್ತಿದೆ, ಅವಳಿಗೆ ಅರವತ್ತು ತುಂಬುತ್ತೆ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಂಗಾದ್ರೆ ನಂದೇ ವರ್ಷ ಅನ್ನು’ ಅಂದಳು.

ಎರಡನೇ ಭಾನುವಾರದ ಆ ಬರಹದ ಮೇಲೆ ಇನ್ನೊಂದ್ಸಲ ಪೆನ್ನು ಆಡಿಸಿ ದಪ್ಪ ಮಾಡಿದ್ದೀನಿ.

---

ಹಾಸನ, ನಿವೃತ್ತ ನರ್ಸ್
30 ಡಿಸೆಂಬರ್ 2025

ನಾನು ಮೂವತ್ತು ವರ್ಷ ವಾರ್ಡಿನಲ್ಲಿ ‘ಉಪ್ಪು ಕಮ್ಮಿ ಮಾಡಿ’ ಅಂತ ಹೇಳಿದವಳು. ನನ್ನ ಮನೇಲಿ ಎಷ್ಟು ಉಪ್ಪು ತಿಂತೀವಿ ಅಂತ ಮೊದಲ ಸಲ ಲೆಕ್ಕ ಹಾಕಿದ್ದು ಈ ನವೆಂಬರಲ್ಲಿ. ಯಜಮಾನರಿಗೆ ಬಿ.ಪಿ. ಏರಿ ಡಾಕ್ಟರು ಕೇಳಿದಾಗ ಉತ್ತರ ಹೇಳೋಕೆ ಬರಲಿಲ್ಲ.

ಲೆಕ್ಕ ಬಹಳ ಸುಲಭ, ಯಾರು ಬೇಕಾದ್ರೂ ಮಾಡಬಹುದು. ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಲ್ಲಿ ‘ಉ’ ಅಂತ ಬರೆಯಿರಿ. ಮುಂದಿನ ಪ್ಯಾಕೆಟ್ ಒಡೆದಾಗ ಮತ್ತೆ ‘ಉ’. ನಮ್ಮನೇಲಿ ನವೆಂಬರ್ 1ಕ್ಕೆ ಒಂದು, 29ಕ್ಕೆ ಇನ್ನೊಂದು. ನಾಲ್ಕು ಜನ, 28 ದಿನ. ಸಾವಿರ ಗ್ರಾಂ ಭಾಗಿಸಿದರೆ ತಲೆಗೆ ದಿನಕ್ಕೆ ಸುಮಾರು 9 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿಗೆ ಹಾಕಿದ ಕಲ್ಲುಪ್ಪು, ಹಪ್ಪಳ, ಬೇಕರಿ ಖಾರ ಈ ಲೆಕ್ಕದಲ್ಲಿಲ್ಲ. ಅದನ್ನೂ ಸೇರಿಸಿದರೆ ಎಷ್ಟೋ!

ಐದು ಗ್ರಾಂಗೆ ಇಳೀಬೇಕಾದ್ರೆ ನಮ್ಮ ನಾಲ್ಕು ಜನಕ್ಕೆ ಒಂದು ಪ್ಯಾಕೆಟ್ 50 ದಿನ ಬರಬೇಕು. ಒಂದೇ ಸಲಕ್ಕೆ ಆ ಥರ ಅಡುಗೆ ಮಾಡಿದ್ರೆ ಯಾರೂ ಉಣ್ಣಲ್ಲ, ಅದೂ ನಂಗೆ ಗೊತ್ತು. ಜನವರಿಯಿಂದ ಎರಡು ಕೆಲಸ ಮಾತ್ರ. ಊಟದ ಮೇಜಿನ ಮೇಲಿರೋ ಉಪ್ಪಿನ ಡಬ್ಬಿ ಅಡುಗೆಮನೆಗೆ ಹೋಗುತ್ತೆ, ಮೊಸರನ್ನಕ್ಕೆ ಮೇಲೆ ಉಪ್ಪು ಉದುರಿಸೋದು ನಿಲ್ಲುತ್ತೆ. ಸಾರಿಗೆ ಹಾಕೋ ಉಪ್ಪನ್ನ ಆಮೇಲೆ ನೋಡೋಣ.

ಕಿಡ್ನಿ, ಹೃದಯದ ತೊಂದರೆ ಇದ್ದವರು ‘ಕಮ್ಮಿ ಸೋಡಿಯಂ’ ಉಪ್ಪು ತರೋ ಮುಂಚೆ ಡಾಕ್ಟರನ್ನ ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಕೆಲವರಿಗೆ ಅದು ಅಪಾಯ.

---

ಪುತ್ತೂರಿನವ
30 ಡಿಸೆಂಬರ್ 2025

ನಮ್ಮಲ್ಲಿ ಏಪ್ರಿಲ್ ನಡುವಿನ ಬಿಸು ಹಬ್ಬವೇ ಹೊಸ ವರ್ಷ. ಹಿಂದಿನ ರಾತ್ರಿ ದೇವರ ಮುಂದೆ ಕಣಿ ಇಡುವುದು. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಿತ್ತಿಲಲ್ಲಿ ಬೆಳೆದ ತರಕಾರಿ, ಒಂದು ಕನ್ನಡಿ. ಬೆಳಿಗ್ಗೆ ಎದ್ದವರು ಮೊದಲು ಅದನ್ನು ನೋಡಬೇಕು. ಈ ವರ್ಷ ಕಣಿಗೆ ಇಟ್ಟ ತರಕಾರಿಯೆಲ್ಲ ಪೇಟೆಯಿಂದ ತಂದದ್ದು ಅಂತ ಅಜ್ಜಿ ಬೇಸರ ಮಾಡಿಕೊಂಡರು. ಆಗ ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಈ ಚರ್ಚೆ ಓದಿದ ಮೇಲೆ ಜನವರಿ ಕೊನೆಗೆ ಸೌತೆ ಬೀಜ ಹಾಕುವುದು ಅಂತ ಬರೆದುಕೊಂಡೆ. ಎರಡೇ ಸಾಲು ಸಾಕು, ಬಿಸುವಿಗೆ ಕಾಯಿ ಸಿಗುತ್ತದೆ.

---

ಹ್ಯಾಂಬರ್ಗ್ ಕನ್ನಡಿಗ
31 ಡಿಸೆಂಬರ್ 2025

ಅಮ್ಮ ಪ್ರತಿ ವರ್ಷ ಊರಿಂದ ಕನ್ನಡ ಕ್ಯಾಲೆಂಡರ್ ಕಳಿಸ್ತಾರೆ. ಇಲ್ಲಿಗೆ ಅದರ ಸೂರ್ಯೋದಯವೂ ಹೊಂದಲ್ಲ, ರಾಹುಕಾಲವೂ ಹೊಂದಲ್ಲ. ಈ ತಿಂಗಳು ಇಲ್ಲಿ ಹಗಲೇ ಏಳೂವರೆ ಗಂಟೆ, ಅದನ್ನ ಎಂಟು ಭಾಗ ಮಾಡಿದರೆ ರಾಹುಕಾಲ ಒಂದು ಗಂಟೆಯೂ ಇರಲ್ಲ. ಆದರೂ ತೂಗುಹಾಕ್ತೀವಿ.

ಹಳೇದನ್ನ ತಿರುವಿ ನೋಡಿದೆ, ಒಂದು ಗೆರೆಯೂ ಇಲ್ಲ. ಹನ್ನೆರಡು ತಿಂಗಳು ಗೋಡೆ ಮೇಲಿದ್ದು ಯಾರೂ ಓದಿಲ್ಲ. ಮಗಳಿಗೆ ಆರು ವರ್ಷ. ಕನ್ನಡ ಮಾತಾಡ್ತಾಳೆ, ಅಕ್ಷರ ಬರಲ್ಲ. ನಾಳೆಯಿಂದ ಬೆಳಗ್ಗೆ ಹಾಲು ಕುಡಿಯುವಾಗ ಆ ದಿನದ ಚೌಕ ಒಂದನ್ನ ಇಬ್ಬರೂ ಓದ್ತೀವಿ. ವಾರ, ತಿಥಿ, ಅಷ್ಟೇ.

---

ಚಿತ್ರದುರ್ಗದಿಂದ
31 ಡಿಸೆಂಬರ್ 2025

ಎಲ್ಲ ಓದಿದೆ. ನನಗೆ ಒಂದು ಮಾತು ಹೇಳಬೇಕು ಅನ್ನಿಸಿತು. ತಪ್ಪು ತಿಳಿಯಬೇಡಿ.

ಎಲ್ಲರಿಗೂ ತಿರುವಿ ನೋಡುವ ಶಕ್ತಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬರೆಯುತ್ತಿದ್ದವರು ನಮ್ಮ ಯಜಮಾನರು. ಸಿಲಿಂಡರ್, ಕರೆಂಟ್ ಬಿಲ್ಲು, ಎಲ್.ಐ.ಸಿ., ಎಲ್ಲ ಅವರದೇ ಅಕ್ಷರ. ಜುಲೈ 9ರವರೆಗೆ ಇದೆ. ಆಮೇಲೆ ಇಲ್ಲ. ಹಾಳೆಯೂ ಜುಲೈಗೇ ನಿಂತಿದೆ, ನಾನು ತಿರುಗಿಸಿಲ್ಲ. ಮಗ ಹೊಸ ಕ್ಯಾಲೆಂಡರ್ ತಂದಿದ್ದಾನೆ. ಇದನ್ನು ತೆಗೆಯಲಾ ಅಂದ. ಬೇಡ ಅಂದೆ.

---

ಪಾಂಡವಪುರದ ಮಗಳು (ಮೈಸೂರು)
31 ಡಿಸೆಂಬರ್ 2025

ಅಮ್ಮಾ, ನಿಮ್ಮ ವಯಸ್ಸು ಗೊತ್ತಿಲ್ಲ, ಅಮ್ಮ ಅಂತಲೇ ಕರೀತೀನಿ. ಎಲ್ಲರೂ ತಿರುವಿ ನೋಡಿ ಅಂತ ಬರೆಯುವಾಗ ನಾನು ಈ ಕಡೆ ಯೋಚನೆಯನ್ನೇ ಮಾಡಲಿಲ್ಲ. ನೋವಾಗಿದ್ರೆ ಕ್ಷಮಿಸಿ. ಅದನ್ನ ತೆಗೀಲೇಬೇಕು ಅಂತ ಎಲ್ಲೂ ಇಲ್ಲ. ಇರಲಿ ಬಿಡಿ.

---

ಹಾಸನ, ನಿವೃತ್ತ ನರ್ಸ್
31 ಡಿಸೆಂಬರ್ 2025

ನಮ್ಮ ತಂಗಿಗೂ ಹೀಗೇ ಆಗಿತ್ತು ಕಣಮ್ಮ. ಅವಸರ ಮಾಡಬೇಡಿ. ರಾತ್ರಿ ನಿದ್ದೆ ಬರ್ತಿದೆಯಾ? ಹೊತ್ತುಹೊತ್ತಿಗೆ ಊಟ ಮಾಡ್ತಿದ್ದೀರಾ? ಅದಷ್ಟು ನೋಡ್ಕೊಳ್ಳಿ ಸದ್ಯಕ್ಕೆ.

---

ಪಾಂಡವಪುರದ ಮಗಳು (ಮೈಸೂರು)
19 ಮಾರ್ಚ್ 2026

ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯ. ಮೇಷ್ಟ್ರು ಹೇಳಿದ 77 ದಿನ ಇವತ್ತಿಗೆ ಆಯ್ತು, ಅದಕ್ಕೆ ಬಂದೆ.

ಜನವರಿ 11ಕ್ಕೆ ಹೋಗಿದ್ದೆ. ಫೆಬ್ರವರಿ 8ಕ್ಕೆ ಮಗಳಿಗೆ ಜ್ವರ, ಆಗಲಿಲ್ಲ. ಮೊದಲಾಗಿದ್ರೆ ಮುಂದಿನ ತಿಂಗಳು ನೋಡೋಣ ಅಂತ ಬಿಡ್ತಿದ್ದೆ. ಅದೇ ಬರಹಕ್ಕೆ ಬಾಣದ ಗುರುತು ಹಾಕಿ 15ಕ್ಕೆ ಎಳೆದೆ, ಹೋಗಿ ಬಂದೆ. ಮಾರ್ಚ್ 8ಕ್ಕೂ ಹೋದೆ. ಈಗ ಊರಲ್ಲೇ ಇದ್ದೀನಿ. ಬೆಳಗ್ಗೆ ತಮ್ಮ ಎತ್ತಿಗೆ ಪೂಜೆ ಮಾಡಿ ಹೊನ್ನಾರು, ಅಂದ್ರೆ ವರ್ಷದ ಮೊದಲ ಉಳುಮೆ, ಹೂಡಿದ. ನಾಳೆ ಹೊಸತೊಡಕು.

ಅಮ್ಮನಿಗೆ ಮಂಡಿ ನೋವು ಇಷ್ಟಿದೆ ಅಂತ ಫೋನಲ್ಲಿ ಯಾವತ್ತೂ ಗೊತ್ತಾಗಿರಲಿಲ್ಲ. ಅವಳು ಬಾವಿಕಟ್ಟೆಯಿಂದ ಮೆಟ್ಟಿಲು ಹತ್ತೋದನ್ನ ಎದುರಿಗೆ ಕಂಡಾಗ ಗೊತ್ತಾಯ್ತು. ಮುಂದಿನ ವಾರ ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ.

---

ಹಾಸನ, ನಿವೃತ್ತ ನರ್ಸ್
19 ಮಾರ್ಚ್ 2026

ಜನವರಿ 1ಕ್ಕೆ ಒಡೆದ ಪ್ಯಾಕೆಟ್ ಫೆಬ್ರವರಿ 6ರವರೆಗೆ ಬಂತು, 36 ದಿನ. ತಲೆಗೆ ಸುಮಾರು 7 ಗ್ರಾಂ. ಆವತ್ತು ಒಡೆದದ್ದು ಇವತ್ತಿಗೆ 41 ದಿನ, ಡಬ್ಬಿಯಲ್ಲಿ ಇನ್ನೂ ಎರಡು ಹಿಡಿ ಇದೆ. ಸಾರಿಗೂ ಕಾಲು ಚಮಚ ಇಳಿಸಿದ್ದೀನಿ, ಯಾರೂ ಗಮನಿಸಿಲ್ಲ. ಅಮ್ಮನ ಮಂಡಿಗೆ ಎಕ್ಸ್‌ರೇ ತೆಗೆಸೋವಾಗ ಅವರ ತೂಕ, ಬಿ.ಪಿ.ನೂ ನೋಡಿಸಿಬಿಡಿ.

---

ವೈಟ್‌ಫೀಲ್ಡ್ 31
19 ಮಾರ್ಚ್ 2026

ವಾರದಲ್ಲಿ ನಾಲ್ಕು ದಿನ ನಡೀತಿದ್ದೀನಿ. ಐದಾಗಿಲ್ಲ. ಆದ್ರೆ ಫೆಬ್ರವರಿ ದಾಟಿದೆ. ಶುಗರ್ ಟೆಸ್ಟ್ ಮಾಡಿಸೋಕೂ ಧೈರ್ಯ ಬಂತು, ಸದ್ಯಕ್ಕೆ ನಾರ್ಮಲ್ ಇದೆ.

---

ಚಿತ್ರದುರ್ಗದಿಂದ
19 ಮಾರ್ಚ್ 2026

ಹಬ್ಬ ಮಾಡಿಲ್ಲ, ವರ್ಷ ತುಂಬಿಲ್ಲವಲ್ಲ. ಬೇವು ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡೆ.

ಹಳೆಯದನ್ನು ಇಳಿಸಿಲ್ಲ. ಅದೇ ಮೊಳೆಗೆ, ಅದರ ಮೇಲೆಯೇ ಹೊಸದು ತೂಗಿದ್ದೇನೆ. ಮಾರ್ಚ್ 3ಕ್ಕೆ ಸಿಲಿಂಡರ್ ಮುಗಿಯಿತು. ರೆಗ್ಯುಲೇಟರ್ ತೆಗೆದು ಹಾಕುವುದನ್ನು ಪಕ್ಕದ ಮನೆ ಹುಡುಗಿ ಹೇಳಿಕೊಟ್ಟಳು. ಚೌಕದಲ್ಲಿ ‘ಸಿಲಿಂಡರ್’ ಅಂತ ನಾನೇ ಬರೆದೆ. ಒಬ್ಬಳಿಗೆ ಎಷ್ಟು ದಿನ ಬರುತ್ತದೆ ಅಂತ ಗೊತ್ತಾಗಬೇಕಲ್ಲ.